ಸೊಲ್ಲು ಕೊಡುವ ಮಿಕ್ಸರ್

ಜಿಲ್ಲೆ ಹುಟ್ಟಿ ಏಳೆಂಟು ವರ್ಷವಾಗಿದ್ದರೂ ನಮ್ಮ ಜನ ಅದನ್ನು ಹೊಸ ಜಿಲ್ಲೆ ಅಂತಲೇ ಕರೆಯುತ್ತಿದ್ದರು. ಕೇರಳದ ಗಡಿಯೊಳಗಿನ ಕೇಣಿಚಿರದ ಜಂಕ್ಷನ್ನಿನಲ್ಲಿ ನನ್ನ ಮೈಕ್‌ಸೆಟ್ ಅಂಗಡಿ ಆಗಲೇ ಇತ್ತು. ಬೋರ್ಡಿನ ಮೇಲೆ ಇನ್ನೂ ಹಳೇ ಜಿಲ್ಲೆಯ ಹೆಸರು. ಅಳಿಸಿ ಹೊಸದು ಬರೆಸಯ್ಯ ಅಂತ ಬಂದುಹೋದವರೆಲ್ಲ ಹೇಳೋರು, ಬಣ್ಣ ನಾನು ತಂದುಕೊಡ್ತೀನಿ ಅಂತ ಒಬ್ಬನೂ ಹೇಳಲಿಲ್ಲ. ಹೊಸ ಜಿಲ್ಲೆಯಿಂದ ಬೇರೆಯವರಿಗೆ ಏನು ಸಿಕ್ಕಿತೋ ನನಗೆ ಗೊತ್ತಿಲ್ಲ, ಮೈಕ್‌ಸೆಟ್ಟಿನವರಿಗೆ ಮಾತ್ರ ಕೈತುಂಬ ಕೆಲಸ ಸಿಕ್ಕಿತು. ಕಚೇರಿಗೊಂದು ಉದ್ಘಾಟನೆ, ಸೇತುವೆಗೊಂದು ಸಭೆ. ನನ್ನ ಹತ್ತಿರ ಇದ್ದದ್ದು ಒಂದು ಆಂಪ್ಲಿಫೈಯರ್, ಮೂರು ಮೈಕು, ಎರಡು ಜೋಡಿ ಕೋಳಾಂಬಿ. ಪೀಕದಾನಿಯ ಹಾಗೆ ಬಾಯಿ ಅಗಲಿಸಿಕೊಂಡಿರುವ ಸ್ಪೀಕರಿಗೆ ನಮ್ಮ ಕಡೆ ಕೋಳಾಂಬಿ ಅಂತಾರೆ.

ಆ ಹೊತ್ತಿಗೆ ಎಲ್ಲರಿಗೂ ಎಕ್ಕೋ ಬೇಕಾಗಿತ್ತು. ಒಂದು ಮಾತಾಡಿದರೆ ಮೂರು ಸಲ ಕೇಳಿಸಬೇಕು. ಬತ್ತೇರಿಯ ಗಾನಮೇಳದವರು ಎಲ್ಲಿಂದಲೋ ಒಂದು ಎಕ್ಕೋ ಮಿಕ್ಸರ್ ತಂದಿದ್ದೇ ತಂದದ್ದು, ಪಂಚಾಯತಿ ಮೆಂಬರಿಗೂ ಅದೇ ಬೇಕು, ಲಾಟರಿ ಮಾರುವ ಜೀಪಿಗೂ ಅದೇ ಬೇಕು. ನನಗೆ ಇದನ್ನು ಕಂಡರೆ ಮೈಯೆಲ್ಲ ಉರಿಯೋದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋದು ಇದಕ್ಕೇ. ಹೇಳೋದರಲ್ಲಿ ಹುರುಳಿಲ್ಲದವನು ಮೂರು ಸಲ ಹೇಳಿದರೆ ಹುರುಳು ಬರುತ್ತಾ? ಕೇಳಲು ಬಂದವರಿಗೆ ಹಾಗೇ ಅಂದುಬಿಡುತ್ತಿದ್ದೆ. ಬಾಯಿ ಜೋರು ನನ್ನದು, ಇವತ್ತಿಗೂ. ಬಂದ ಗಿರಾಕಿ ಹಾಗೇ ಬತ್ತೇರಿ ಬಸ್ಸು ಹತ್ತುತ್ತಿದ್ದ.

ಹೀಗಿದ್ದವನು ಕೊನೆಗೆ ಎಕ್ಕೋ ಮಿಕ್ಸರ್ ಹುಡುಕಿಕೊಂಡು ಊರೂರು ಅಲೆದದ್ದು ನನ್ನ ಅಕ್ಕನಿಗಾಗಿ.

ನಮ್ಮದು ಅಜ್ಜನ ಕಾಲದಲ್ಲಿ ಗುಂಡ್ಲುಪೇಟೆ ಕಡೆಯಿಂದ ಎತ್ತು ಹೊಡೆದುಕೊಂಡು ಬಂದ ಮನೆತನ. ಅಕ್ಕನನ್ನು ಕೊಟ್ಟದ್ದು ನೂಲ್ಪುಳಕ್ಕೆ, ಕಾಡಿನ ಅಂಚಿನಲ್ಲಿ ಗದ್ದೆ ಇದ್ದ ಮನೆಗೆ. ಅಲ್ಲಿ ಸುತ್ತಮುತ್ತ ಕನ್ನಡದ ಮನೆಗಳಲ್ಲಿ ಮದುವೆ ಅಂದರೆ ಸೋಬಾನೆ ಹಾಡಲು ಅಕ್ಕನೇ ಬರಬೇಕು. ಸೋಬಾನೆಯನ್ನು ಒಬ್ಬರೇ ಹಾಡೋದಲ್ಲ. ಮುಂದಿನವಳು ಒಂದು ಸಾಲು ಹೇಳಿದರೆ ಹಿಂದಿನವರು ಪಲ್ಲವಿ ಎತ್ತಿ ಅವಳಿಗೆ ಹಿಂತಿರುಗಿಸಬೇಕು. ಅದಕ್ಕೆ ಸೊಲ್ಲು ಕೊಡೋದು ಅಂತಾರೆ. ಸೊಲ್ಲು ಮುಗಿಯುವ ತನಕ ಮುಂದಿನವಳು ಉಸಿರು ತೆಗೆದುಕೊಂಡು ಕಾಯುತ್ತಾಳೆ. ಸೊಲ್ಲು ಬಾರದೆ ಅವಳು ಮುಂದಿನ ಸಾಲಿಗೆ ಹೋಗುವ ಹಾಗಿಲ್ಲ. ಅಕ್ಕನಿಗೆ ಸೊಲ್ಲು ಕೊಡಲು ಇಬ್ಬರು ಹೆಂಗಸರಿದ್ದರು, ಒಬ್ಬರು ಅವಳ ಓರಗಿತ್ತಿ, ಇನ್ನೊಬ್ಬರು ಪಕ್ಕದ ಮನೆಯವರು. ಮದುವೆ ಮುಗಿದ ಮೇಲೆ ಸೊಲ್ಲು ಕೊಟ್ಟವರಿಗೆ ಎಲೆ ಅಡಿಕೆ, ತೆಂಗಿನಕಾಯಿ, ಒಂದು ರವಿಕೆ ಕಣ ಕೊಟ್ಟು ಕಳಿಸಬೇಕು. ಅದು ಕೊಡದೆ ಹೋದರೆ ಹಾಡಿದ್ದು ಹಾಡಿದ ಹಾಗಲ್ಲ.

ನಮ್ಮ ಮನೆತನದಲ್ಲಿ ಇನ್ನೂ ಒಂದು ಕಟ್ಟಲೆ. ಮದುಮಗಳನ್ನು ಹಸೆಗೆ ಕರೆಯುವ ಹಾಡನ್ನು ಹೆತ್ತವಳೇ ಹಾಡಬೇಕು. ಒಳಗಿನ ಬಾಗಿಲಿಂದ ಹಸೆಮಣೆ ತನಕ ಹುಡುಗಿ ಒಂದೊಂದು ಸೊಲ್ಲಿಗೆ ಒಂದೊಂದೇ ಹೆಜ್ಜೆ ಇಡಬೇಕು. ನಮ್ಮವ್ವ ಹಾಡಿ ಅಕ್ಕನನ್ನು ಕರೆದದ್ದನ್ನು ನಾನು ಚಿಕ್ಕವನಾಗಿದ್ದಾಗ ನೋಡಿದ್ದೇನೆ.

ಅಕ್ಕನ ಕತ್ತಿನಲ್ಲಿ ಗಡ್ಡೆಯೊಂದು ಬೆಳೆದಿತ್ತು. ಅದನ್ನು ಕೋಯಿಕ್ಕೋಡಿನಲ್ಲಿ ಆಪರೇಷನ್ ಮಾಡಿ ತೆಗೆದರು. ದನಿ ಹೋದರೂ ಹೋಗಬಹುದು ಅಂತ ಡಾಕ್ಟರು ಮೊದಲೇ ಹೇಳಿದ್ದರು. ಪೂರ್ತಿ ಹೋಗಲಿಲ್ಲ, ಆದರೆ ಉಳಿದದ್ದು ಒಂದು ಎಳೆ ಮಾತ್ರ. ಅಡುಗೆಮನೆಯಿಂದ ಕರೆದರೆ ಜಗಲಿಗೆ ಕೇಳದು. ಅದರ ಹಿಂದಿನ ವರ್ಷ ಓರಗಿತ್ತಿ ತೀರಿಕೊಂಡಿದ್ದರು. ಪಕ್ಕದ ಮನೆಯವರು ಜಾಗ ಮಾರಿ ಗುಂಡ್ಲುಪೇಟೆಗೆ ವಾಪಸ್ಸು ಹೋಗಿದ್ದರು. ಇಂಥ ಹೊತ್ತಿನಲ್ಲಿ ಅಕ್ಕನ ಒಬ್ಬಳೇ ಮಗಳಿಗೆ ಮದುವೆ ಗೊತ್ತಾಯಿತು. ಗಂಡಿನವರೂ ಗುಂಡ್ಲುಪೇಟೆ ಕಡೆಯವರೇ.

“ನಾನು ಹಾಡಲ್ಲ ಕಣೋ. ನಿನ್ನ ಹತ್ರ ಕ್ಯಾಸೆಟ್ ಇದ್ರೆ ಹಾಕು,” ಅಂದಳು ಅಕ್ಕ.

ಅಷ್ಟು ಹೇಳಲು ಅವಳು ಎರಡು ಸಲ ಉಸಿರು ತೆಗೆದುಕೊಂಡಳು. ಮಗಳು ಒಳಗೆ ಭತ್ತ ಕೇರುತ್ತಿದ್ದವಳು ಮೊರ ಕೆಳಗಿಟ್ಟು ಹೊರಗೆ ಬಂದಳು. “ಅವ್ವ ಕರೀದೆ ನಾನು ಹೆಜ್ಜೆ ಕಿತ್ತಿಡಲ್ಲ ಮಾವ. ಕ್ಯಾಸೆಟ್ಟು ಹಸೆಗೆ ಕೂತ್ಕೊಳ್ಲಿ,” ಅಂತ ಕಡ್ಡಿ ಮುರಿದ ಹಾಗೆ ಹೇಳಿ ಒಳಗೆ ಹೋದಳು. ನಮ್ಮ ಮನೆಯ ಹೆಣ್ಣು, ಬಾಯಿ ಯಾರದು ಬರಬೇಕು? ಅಕ್ಕ ಕತ್ತಿನ ಗಾಯದ ಮೇಲೆ ಸೆರಗು ಎಳೆದುಕೊಂಡಳು. ನನಗೆ ಸಂಕಟವಾಯಿತು. ಎರಡು ತಿಂಗಳಲ್ಲಿ ಈ ಎಳೆ ದನಿಗೆ ಮೈ ಬರಿಸಬೇಕು, ಸೊಲ್ಲು ಕೊಡಲು ಯಾರೂ ಇಲ್ಲ. ದನಿಯನ್ನು ದಪ್ಪ ಮಾಡುವ, ಹೇಳಿದ್ದನ್ನು ಹಿಂತಿರುಗಿಸುವ ಯಂತ್ರ ಒಂದಿದೆ, ಅದನ್ನು ನಾನು ಊರೆಲ್ಲ ಬೈದುಕೊಂಡು ಬಂದಿದ್ದೇನೆ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಹೊಳೆದದ್ದು ಅದು.

ಬತ್ತೇರಿಯಲ್ಲಿ ರೇಡಿಯೋ ರಿಪೇರಿ ಮಾಡುವ ಮಲಯಾಳಿ ಆಶಾನ್ ಒಬ್ಬರಿದ್ದರು. ಕೈಕೆಲಸದಲ್ಲಿ ಗುರುವಾದವರನ್ನು ನಮ್ಮ ಕಡೆ ಆಶಾನ್ ಅಂತ ಕರೀತಾರೆ. ನನಗೆ ಬೆಸುಗೆ ಹಾಕಲು ಕಲಿಸಿದವರು. ಎಕ್ಕೋ ಮಿಕ್ಸರ್ ಬೇಕು ಅಂದಾಗ ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದ ನೋಟ ಈಗಲೂ ಮರೆತಿಲ್ಲ. ನಾಚಿಕೆ ಬಿಟ್ಟು ಅಕ್ಕನ ವಿಷಯ ಹೇಳಿದೆ. ಅವರು ನಗಲಿಲ್ಲ.

“ಅಂಗಡಿಯವನು ಅವನ ಗಂಟಲಲ್ಲಿ ತೋರಿಸೋದನ್ನ ನಂಬಬೇಡ,” ಅಂದರು ಮಲಯಾಳದಲ್ಲಿ. “ಅವನ ಗಂಟಲಿಗೆ ಎಲ್ಲವೂ ಚೆನ್ನಾಗೇ ಕೇಳುತ್ತೆ. ನಿನ್ನ ಅಕ್ಕ ಹಾಡೋ ಹಾಗೆ ಮೆಲ್ಲಗೆ ಹಾಡಿ ನೋಡು. ಯಾರೂ ಹಾಡದೆ ಇರುವಾಗ ಎಕ್ಕೋ ಪೂರ್ತಿ ತಿರುಗಿಸಿ ಕಿವಿಗೊಡು, ಬರೀ ಸುಯ್ ಅಂತ ಬಂದರೆ ಬಿಟ್ಟುಬಿಡು. ಒಂದೊಂದು ಮೈಕಿಗೂ ಬೇರೆ ಬೇರೆ ಎಕ್ಕೋ ತಿರುಗಣೆ ಇರಬೇಕು. ಇಲ್ಲದಿದ್ರೆ ಪುರೋಹಿತರ ಕೆಮ್ಮೂ ಮೂರು ಸಲ ಬರುತ್ತೆ. ಮತ್ತೆ ಕೆಟ್ಟರೆ ನಾನು ಬಿಚ್ಚಿ ನೋಡೋ ಹಾಗಿರಬೇಕು.”

ಇಷ್ಟನ್ನೂ ಬೆರಳು ಮಡಿಸಿ ಎಣಿಸಿಕೊಂಡು, ಕೋಳಾಂಬಿಯ ಒಂದು ಜೋಡಿ ಮಾರಿ ಮೈಸೂರಿನ ಬಸ್ಸು ಹತ್ತಿದೆ. ಎಕ್ಕೋ ಬೇಕಾದದ್ದು ಕನ್ನಡದ ಹಾಡಿಗೆ, ಅದನ್ನು ಕನ್ನಡದ ಊರಿನಲ್ಲೇ ಕೊಳ್ಳೋಣ ಅಂತ ನನ್ನ ಹುಚ್ಚು ಲೆಕ್ಕ. ಅಲ್ಲಿ ಅಂಗಡಿ ಬೋರ್ಡುಗಳನ್ನು ಓದಲು ಬಾರದೆ ಪರದಾಡಿದೆ. ನಾನು ಓದಿದ್ದು ಮಲಯಾಳಂ ಶಾಲೆ. ಈಗ ಬರೆಯುತ್ತಿರುವ ಈ ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ. ಕೇಳಿ ಕೇಳಿ ಒಂದು ಅಂಗಡಿ ಸೇರಿದರೆ, ಮಾತಿನ ನಡುವೆ ಎಲ್ಲೋ ಸಾಕು ಅನ್ನುವ ಬದಲು “ಮದಿ” ಅಂದುಬಿಟ್ಟೆ. “ನೀವು ಕೇರಳದೋರಾ ಸಾರ್? ಕನ್ನಡ ಚೆನ್ನಾಗೇ ಮಾತಾಡ್ತೀರಲ್ಲ,” ಅಂದ ಅಂಗಡಿಯವನು. ಬತ್ತೇರಿಯಲ್ಲಿ ಕನ್ನಡದವನು, ಮೈಸೂರಲ್ಲಿ ಕೇರಳದವನು. ನನಗೆ ಅಭ್ಯಾಸವಾಗಿದೆ ಬಿಡಿ.

ಅವನು ಮೂರು ಮಿಕ್ಸರ್ ತೋರಿಸಿದ. ಮೊದಲನೆಯದರಲ್ಲಿ ಟೇಪಿನ ಸುರುಳಿಯೊಂದು ಒಳಗೇ ಸುತ್ತುತ್ತಿತ್ತು. ಹೇಳಿದ್ದನ್ನು ಹಿಡಿದುಕೊಂಡು ವಾಪಸ್ಸು ಹೇಳೋದು ಆ ಟೇಪು. ದನಿ ಬೆಣ್ಣೆ, ನಿಜ ಹೇಳಬೇಕು. ಆದರೆ ಬೆಲೆ ಕೇಳಿದ ಮೇಲೆ ನಾನು ಅದನ್ನು ಮುಟ್ಟಲಿಲ್ಲ. ಎರಡನೆಯದರ ಒಳಗೆ ಸ್ಪ್ರಿಂಗು. ದನಿ ಆ ಸ್ಪ್ರಿಂಗನ್ನು ನಡುಗಿಸಿ ಬಾವಿಯೊಳಗೆ ಹಾಡಿದ ಹಾಗೆ ಬರುತ್ತಿತ್ತು. ಬೆಲೆ ಅಗ್ಗ. ನಾನು ಸುಮ್ಮನೆ ಮೇಜಿನ ಕಾಲಿಗೆ ಒಂದು ಒದ್ದೆ. ಒಳಗಿನ ಸ್ಪ್ರಿಂಗು ಅಲುಗಾಡಿ ಅಂಗಡಿ ತುಂಬ ಗುಡುಗು ಬಂತು. ಅಂಗಡಿಯವನು ಬೆಚ್ಚಿಬಿದ್ದ. ಮಣ್ಣಿನ ಅಂಗಳದಲ್ಲಿ ಮಕ್ಕಳು ಕುಣಿದಾಡುವ ಮದುವೆಗೆ ಇದು ಆಗದು ಅಂತ ಅದನ್ನೂ ಪಕ್ಕಕ್ಕೆ ಸರಿಸಿದೆ.

ಮೂರನೆಯದು ಊರಲ್ಲೇ ಯಾರೋ ಜೋಡಿಸಿದ್ದು. ಕಂಪನಿ ಹೆಸರಿಲ್ಲ, ತಗಡಿನ ಪೆಟ್ಟಿಗೆ, ಒಳಗೆ ಟೇಪು ಸ್ಪ್ರಿಂಗಿನ ಬದಲು ಎಲೆಕ್ಟ್ರಾನಿಕ್ ಚಿಪ್ಪು. ನಾಲ್ಕು ಮೈಕಿಗೆ ಜಾಗ, ನಾಲ್ಕಕ್ಕೂ ಬೇರೆ ಬೇರೆ ಎಕ್ಕೋ ತಿರುಗಣೆ. ಕೊನೆಯಲ್ಲಿ ಇನ್ನೆರಡು ತಿರುಗಣೆ, ದನಿ ಎಷ್ಟು ತಡೆದು ವಾಪಸ್ಸು ಬರಬೇಕು ಅನ್ನೋದಕ್ಕೊಂದು, ಎಷ್ಟು ಸಲ ಬರಬೇಕು ಅನ್ನೋದಕ್ಕೊಂದು. ಅಂಗಡಿಯವನು ಎಲ್ಲವನ್ನೂ ಪೂರ್ತಿ ತಿರುಗಿಸಿ “ಹಲೋ ಹಲೋ” ಅಂದ. ಪೌರಾಣಿಕ ನಾಟಕದ ಆಕಾಶವಾಣಿ ಬಂತು. “ನೀವು ಸುಮ್ಮನಿರಿ, ನಾನು ಹಾಡ್ತೀನಿ,” ಅಂತ ಮೈಕು ಇಸಕೊಂಡೆ. ಕಣ್ಣು ಮುಚ್ಚಿ, ಅಕ್ಕನ ಈಗಿನ ದನಿಯ ಹಾಗೆ, ಉಸಿರಿನಲ್ಲೇ ಸೋಬಾನೆಯ ಒಂದು ಸಾಲು ಹಾಡಿದೆ.

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮೀಸೆ ಹೊತ್ತ ಗಂಡಸು ಹೆಂಗಸರ ಹಾಡನ್ನು ಪಿಸುಗುಟ್ಟುತ್ತಿದ್ದರೆ ನಗದೆ ಇನ್ನೇನು. ನನಗೆ ಸಿಟ್ಟು ನೆತ್ತಿಗೇರಿತು. “ನಗಬೇಡ್ರಿ, ದನಿ ಹೋದೋರಿಗೆ ತಗೋತಿರೋದು,” ಅಂದೆ. ಅಂಗಡಿಯವನು ತಣ್ಣಗಾದ. ತಾನೇ ತಿರುಗಣೆಗಳನ್ನು ಅರ್ಧಕ್ಕೆ ಇಳಿಸಿ, ಕೀಚಲು ದನಿ ಸ್ವಲ್ಪ ತಗ್ಗಿಸಿ, ಇನ್ನೊಂದು ಸಲ ಹಾಡಿ ಸಾರ್ ಅಂದ. ಈಗ ಆ ಉಸಿರಿಗೆ ನಿಜವಾಗಿ ಮೈ ಬಂದಿತ್ತು. ಪೂರ್ತಿ ತಿರುಗಿಸಿದಾಗಲೂ ಸುಯ್ ಅನ್ನೋದು ಕಡಿಮೆ. ಬೆರಳು ಮಡಿಸಿ ಎಣಿಸಿಕೊಂಡಿದ್ದ ಆಶಾನ್ ಮಾತುಗಳೆಲ್ಲ ತಾಳೆಯಾದವು. ಹಾಸಿಗೆ ಇದ್ದಷ್ಟೇ ಕಾಲು ಚಾಚಿದ ಸಮಾಧಾನವೂ ಆಯಿತು. ಕೊಂಡು, ಸೀಟಿನ ಮೇಲೆ ಮಗುವಿನ ಹಾಗೆ ಕೂರಿಸಿಕೊಂಡು ಬಂದೆ.

ತಿರುಗಣೆಗಳ ಕೆಳಗೆ ಇಂಗ್ಲಿಷಿನಲ್ಲಿ ಏನೇನೋ ಬರೆದಿತ್ತು. ಅದನ್ನು ಅಳಿಸಿ ನನಗೆ ತಿಳಿಯುವ ಹಾಗೆ ಬಿಳಿ ಬಣ್ಣದಲ್ಲಿ ಬರೆದೆ. ಮಾತು ಕನ್ನಡದ್ದು, ಅಕ್ಷರ ಮಲಯಾಳದ್ದು. ಕನ್ನಡದವರಿಗೆ ಓದಲು ಬಾರದು, ಮಲಯಾಳಿ ಓದಿದರೂ ಅರ್ಥವಾಗದು, ನಮ್ಮಂಥ ನಾಲ್ಕು ಮನೆಯವರಿಗೆ ಮಾತ್ರ ಆಗಿಬರುವ ಬರಹ. ಕೊನೆಯ ತಿರುಗಣೆಗೆ ‘ಸೊಲ್ಲು’ ಅಂತ ಬರೆದೆ. ಆಶಾನ್ ಪರೀಕ್ಷೆ ಮಾಡಲು ಬಂದವರು ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಲಯಾಳದಲ್ಲಿ ‘ಸೊಲ್ಲ’ ಅಂದರೆ ಉಪದ್ರವ, ತಲೆನೋವು. “ದುಡ್ಡು ಕೊಟ್ಟು ಸೊಲ್ಲ ತಂದೆಯಲ್ಲೋ,” ಅಂದರು. ನಾನು ಸಿಡುಕಿದೆ. ಆಮೇಲೆ ನೋಡಿದರೆ ಅವರ ನಾಲಿಗೆಯ ಮೇಲೆ ಮಚ್ಚೆ ಇತ್ತೋ ಏನೋ.

ಮದುವೆಗೆ ಒಂದು ವಾರ ಮುಂಚೆ ಎಲ್ಲವನ್ನೂ ನೂಲ್ಪುಳಕ್ಕೆ ಹೊತ್ತುಕೊಂಡು ಹೋಗಿ ಜಗಲಿಯಲ್ಲಿ ಜೋಡಿಸಿದೆ. ಅಕ್ಕ ದೂರ ನಿಂತು ನೋಡಿದಳು. ಬಹಳ ಹೊತ್ತು ಮೈಕಿನ ಹತ್ತಿರ ಬರಲೇ ಇಲ್ಲ. ಕೊನೆಗೆ ಬಂದು ಅವಳೇ ಕಟ್ಟಿದ್ದ ಹಸೆ ಹಾಡಿನ ಮೊದಲ ಸಾಲು ಹೇಳಿದಳು.

“ಗದ್ದೆ ಬದುವಲಿ ಬೆಳೆದ ಗೆಜ್ಜೆಗಾಲಿನ ಮಗಳೆ…”

ದನಿ ಅಂಗಳ ದಾಟಿ ಗದ್ದೆಗೆ ಹೋಯಿತು. ಯಂತ್ರ ಅವಳ ‘ಮಗಳೆ’ಯನ್ನು ಹಿಡಿದುಕೊಂಡು ಮೂರು ಸಲ, ಒಂದಕ್ಕಿಂತ ಒಂದು ಸಣ್ಣಗೆ, ಹಿಂತಿರುಗಿಸಿತು. ಅಕ್ಕ ತುಟಿ ಮುಚ್ಚಿ ಕಾಯುತ್ತಿದ್ದಳು. ಅದು ಪೂರ್ತಿ ನಿಂತ ಮೇಲೆ ಎರಡನೆಯ ಸಾಲು ಎತ್ತಿದಳು. ಎಕ್ಕೋ ಹಾಕಿದ ಗಾಯಕರು ಯಾರೂ ಹಾಗೆ ಕಾಯುವುದಿಲ್ಲ, ಅದರ ಮೇಲೇ ಹಾಡಿಕೊಂಡು ಹೋಗುತ್ತಾರೆ. ಇವಳಿಗೆ ಅದು ಸೊಲ್ಲು. ಸೊಲ್ಲಿನ ಮೇಲೆ ಕಾಲಿಟ್ಟು ಹೋಗುವ ಅಭ್ಯಾಸ ಅವಳಿಗಿಲ್ಲ. “ನಂದೇ ಮಾತು ನನಗೇ ಹೇಳ್ತದಲ್ಲೋ ಇದು,” ಅಂತ ನಕ್ಕಳು. ಆಪರೇಷನ್ ಆದ ಮೇಲೆ ಅವಳು ನಕ್ಕಿದ್ದನ್ನು ನಾನು ಕಂಡದ್ದು ಅವತ್ತೇ. ವಾರವಿಡೀ ಅಭ್ಯಾಸ ಮಾಡಿದಳು. ಒಳಗಿನ ಬಾಗಿಲಿಂದ ಮಗಳು ಒಂದೊಂದು ಹೆಜ್ಜೆ ಇಟ್ಟು ನೋಡಿದಳು. ನಾನು ಎದೆ ಉಬ್ಬಿಸಿಕೊಂಡು ತಿರುಗಾಡಿದೆ.

ಮದುವೆಯ ದಿನ ಬೆಳಿಗ್ಗೆ ಹತ್ತೂವರೆಗೆ ಮುಹೂರ್ತ. ಅಂಗಳದ ಚಪ್ಪರ ತುಂಬಿತ್ತು. ಒಂದು ಕಡೆ ಗಂಡಿನವರು, ಇನ್ನೊಂದು ಕಡೆ ನಮ್ಮವರು, ಹಿಂದೆ ಅಕ್ಕಪಕ್ಕದ ಮಲಯಾಳಿಗಳು. ಗಂಡಿನ ಕಡೆ ಸೋಬಾನೆ ಬಲ್ಲ ಹೆಂಗಸರಿದ್ದರು. ಹೆಣ್ಣಿನ ಕಡೆಯ ಹಾಡಿಗೆ ಅವರು ಸೊಲ್ಲು ಕೊಡುವ ಪದ್ಧತಿ ಇಲ್ಲ. ತಪ್ಪು ಹುಡುಕಿ ನಗಾಡುವುದು ಮಾತ್ರ ಅವರ ಹಕ್ಕು. ನಮ್ಮ ಕಡೆಯ ಹುಡುಗಿಯರು ಮಲಯಾಳಂ ಸಿನಿಮಾ ಹಾಡು ಎಷ್ಟು ಬೇಕಾದರೂ ಹಾಡಿಯಾರು, ಸೋಬಾನೆಯ ಒಂದು ಸಾಲು ಬಾರದು. ಅಕ್ಕ ಹಸೆಯ ಪಕ್ಕದಲ್ಲಿ ಮೈಕಿನ ಮುಂದೆ ಕೂತಳು. ನಾನು ಚಪ್ಪರದ ಕಂಬದ ಬುಡದಲ್ಲಿ ಮಿಕ್ಸರ್ ಇಟ್ಟುಕೊಂಡು, ಊಟಕ್ಕೆ ಕರೆಯುವ ಮೈಕನ್ನು ಕೈಲಿ ಹಿಡಿದು ಕೂತಿದ್ದೆ.

ಮೊದಲ ಸಾಲು, ಸೊಲ್ಲು, ಒಂದು ಹೆಜ್ಜೆ. ಎರಡನೆಯ ಸಾಲು, ಸೊಲ್ಲು, ಇನ್ನೊಂದು ಹೆಜ್ಜೆ. ಗಂಡಿನ ಕಡೆಯ ಹೆಂಗಸರು ಮುಖ ಮುಖ ನೋಡಿಕೊಂಡರು. ಮೂರನೆಯದೂ ಆಯಿತು. ನಾಲ್ಕನೆಯ ಸಾಲಿಗೆ ಅಕ್ಕ ಉಸಿರು ತೆಗೆದುಕೊಳ್ಳುವಾಗ ಕರೆಂಟು ಹೋಯಿತು.

ನಾನು ಗಾಬರಿಯಾಗಲಿಲ್ಲ. ನೂಲ್ಪುಳದಲ್ಲಿ ಕರೆಂಟು ಹೋಗದ ಮದುವೆ ಯಾವುದು? ಆಂಪ್ಲಿಫೈಯರಿಗೆ ಯಾವಾಗಲೂ ಲಾರಿ ಬ್ಯಾಟರಿ ಪಕ್ಕದಲ್ಲೇ ಇರುತ್ತದೆ. ಸ್ವಿಚ್ಚು ಅತ್ತ ತಳ್ಳಿದೆ. ಆಂಪ್ಲಿಫೈಯರಿನ ದೀಪ ಹತ್ತಿತು. ಮಿಕ್ಸರಿನ ದೀಪ ಹತ್ತಲಿಲ್ಲ. ಅದರ ಹಿಂದೆ ಬ್ಯಾಟರಿಯ ತಂತಿ ಸಿಕ್ಕಿಸುವ ಜಾಗವೇ ಇರಲಿಲ್ಲ. ದನಿ ನೋಡಿದ್ದೆ, ಸುಯ್ ಅನ್ನೋದು ನೋಡಿದ್ದೆ, ಮೇಜಿಗೆ ಒದ್ದು ನೋಡಿದ್ದೆ. ಕಾಡಿನ ಅಂಚಿನಲ್ಲಿ ಹುಟ್ಟಿ ಬೆಳೆದವನು, ಇದು ಬ್ಯಾಟರಿಯಲ್ಲಿ ನಡೆಯುತ್ತಾ ಅಂತ ಒಂದು ಮಾತು ಕೇಳಿರಲಿಲ್ಲ. ಎಲ್ಲಾ ಬಣ್ಣ ಮಸಿ ನುಂಗಿತು. ಆಶಾನ್ ನಕ್ಕ ನಗೆ ಕಿವಿಯಲ್ಲಿ ಕೇಳಿಸಿತು.

ಎರಡೂ ಮೈಕಿನ ತಂತಿಗಳನ್ನು ಮಿಕ್ಸರಿನಿಂದ ಕಿತ್ತು ನೇರ ಆಂಪ್ಲಿಫೈಯರಿಗೆ ಸಿಕ್ಕಿಸಿದೆ. ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ನಾಲ್ಕನೆಯ ಸಾಲು ಎತ್ತಿದಳು. ಮಿಕ್ಸರ್ ಇಲ್ಲದ ದನಿ, ಒಣಗಿದ ಬಾಳೆಲೆ ಸವರಿದ ಹಾಗೆ. ಸಾಲು ಹೇಗೋ ಮುಗಿಯಿತು. ಅವಳು ತುಟಿ ಮುಚ್ಚಿ ಕಾದಳು.

ಏನೂ ಬರಲಿಲ್ಲ.

ಬಾಗಿಲಿಂದ ಮೂರು ಹೆಜ್ಜೆ ಬಂದಿದ್ದ ಮಗಳು ನಾಲ್ಕನೆಯದಕ್ಕೆ ಬಲಗಾಲಿನ ಹಿಮ್ಮಡಿ ಎತ್ತಿ ಹಾಗೇ ನಿಂತಿದ್ದಳು. ಅಕ್ಕ ಕಣ್ಣು ಬಿಟ್ಟು ನನ್ನ ಕಡೆ ನೋಡಿದಳು. ಬೈಯುವ ನೋಟವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅದು ಬೇಡ ಬಿಡು ತಮ್ಮ ಅನ್ನುವ ನೋಟ. ಅವಳ ಕೈ ಸೆರಗಿಗೆ ಹೋಗಿ ಗಾಯವನ್ನು ಮುಚ್ಚಿತು. ಗಂಡಿನ ಕಡೆಯಲ್ಲಿ ಯಾರೋ ಕಿಸಕ್ಕೆಂದರು. ಪುರೋಹಿತರು ಗಡಿಯಾರ ನೋಡಿಕೊಂಡರು.

“ಬಾರವ್ವ ಹಸೆಗೆ, ಬಾರವ್ವ…”

ಸೊಲ್ಲು ಬಂತು. ಒರಟು ದನಿ, ಶ್ರುತಿ ಒಂದು ಕಡೆ, ತಾಳ ಒಂದು ಕಡೆ. ಕೋಳಾಂಬಿಯಿಂದ ಅದು ಗದ್ದೆಯ ಆಚೆ ತನಕ ಹೋಯಿತು. ಯಾರಪ್ಪ ಇದು ಅಂತ ನಾನೂ ಅತ್ತಿತ್ತ ನೋಡಿದೆ. ಬಾಯಿ ನನ್ನದೇ ತೆರೆದಿತ್ತು. ಊಟಕ್ಕೆ ಕರೆಯುವ ಮೈಕು ತುಟಿಯ ಹತ್ತಿರವಿತ್ತು.

ಗಂಡಸು ಸೊಲ್ಲು ಕೊಟ್ಟದ್ದನ್ನು ನಮ್ಮಲ್ಲಿ ಯಾರೂ ಕಂಡಿಲ್ಲ, ಕೇಳಿಲ್ಲ. ಗಂಡಿನ ಕಡೆಯ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ನನ್ನ ಕಿವಿ ಬಿಸಿಯಾಯಿತು. ಆದರೆ ಅಕ್ಕನ ಮಗಳು ಎತ್ತಿದ ಕಾಲನ್ನು ಮುಂದಿಟ್ಟಳು. ಅಕ್ಕ ಸೆರಗಿನಿಂದ ಕೈ ತೆಗೆದು ಐದನೆಯ ಸಾಲು ಹಿಡಿದಳು. ಇನ್ನೇನು ಮಾಡೋದು, ನಾನೂ ಬಿಡಲಿಲ್ಲ. ಒಂಬತ್ತು ಸಾಲು ಇತ್ತು ಹಾಡಿಗೆ. ಒಂಬತ್ತನೆಯ ಸೊಲ್ಲಿಗೆ ಹುಡುಗಿ ಹಸೆಮಣೆ ಮುಟ್ಟಿದಳು. ಬೆವರಿಗೆ ನನ್ನ ಅಂಗಿ ಬೆನ್ನಿಗೆ ಅಂಟಿತ್ತು.

ಕರೆಂಟು ಬಂದದ್ದು ಊಟದ ಎರಡನೇ ಪಂಕ್ತಿಗೆ. ಮಿಕ್ಸರಿನ ದೀಪ ಏನೂ ಆಗದ ಹಾಗೆ ಹತ್ತಿಕೊಂಡಿತು. ಅದನ್ನು ಎತ್ತಿ ಕೆಳಗೆ ಕುಕ್ಕುವಷ್ಟು ಸಿಟ್ಟು ಬಂದಿತ್ತು ನನಗೆ.

ಸಂಜೆಗೆ ಗಂಡಿನವರು ಹೊರಡುವ ಮೊದಲು ಅಕ್ಕ ಒಳಗಿಂದ ತಟ್ಟೆಯೊಂದನ್ನು ಹಿಡಿದುಕೊಂಡು ಬಂದಳು. ಎಲೆ ಅಡಿಕೆ, ತೆಂಗಿನಕಾಯಿ, ಮೇಲೆ ಮಡಿಸಿದ ಹಸಿರು ರವಿಕೆ ಕಣ. ಎಲ್ಲರ ಎದುರು ನೇರ ನನ್ನ ಮುಂದೆ ಬಂದು ನಿಂತಳು.

“ಏನೇ ಅಕ್ಕ ಇದು, ಮಾನ ತೆಗೀಬೇಡ,” ಅಂದೆ ಹಲ್ಲು ಕಚ್ಚಿ.

“ಸೊಲ್ಲು ಕೊಟ್ಟೋರನ್ನ ಬರಿಗೈಲಿ ಕಳಿಸಬಾರದು,” ಅಂದಳು ಆ ಎಳೆ ದನಿಯಲ್ಲಿ. ಗಂಡಿನ ಕಡೆಯವರೆಲ್ಲ ಕೇಳಲು ಬಗ್ಗಿದ್ದರು. ಅವಳು ಮಿಕ್ಸರಿನ ಕಡೆ ಒಂದು ಸಲ ನೋಡಿ ಮತ್ತೆ ನನ್ನ ಕಡೆ ತಿರುಗಿದಳು. “ಮಿಷನ್ನು ಚೆನ್ನಾಗೇ ಆರಿಸಿದ್ದೀಯ ಕಣೋ. ಕರೆಂಟು ಹೋದ ಮೇಲೂ ನಿಲ್ಲಲಿಲ್ಲ.”

ನಾನು ಎರಡೂ ಕೈ ಚಾಚಿ ಕಣ ತೆಗೆದುಕೊಂಡೆ. ಅಕ್ಕ ಈಗಿಲ್ಲ. ಮಿಕ್ಸರ್ ಕೆಟ್ಟು ಎಷ್ಟೋ ಕಾಲವಾಯಿತು, ಆದರೂ ಅಂಗಡಿಯ ಮೂಲೆಯಲ್ಲಿದೆ. ಧೂಳು ಕೂರಬಾರದೆಂದು ಅದರ ಮೇಲೆ ಆ ಹಸಿರು ಕಣ ಹೊದಿಸಿದ್ದೇನೆ. ಹೆಂಗಸರ ಬಟ್ಟೆ ಇಲ್ಲಿ ಯಾಕೆ ಅಂತ ಬಂದವರು ಕೇಳಿದರೆ, ಅದು ನನ್ನ ಸಂಬಳ ಅಂತ ಹೇಳುತ್ತೇನೆ.